ಏಳನೇ ನಂಬರಿನ ಹಳದಿ ಟವೆಲ್ಲು

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಆರರಿಂದ ಏಳರವರೆಗೆ ನಾನು ಬಟ್ಟೆಯ ಬೀರು ಖಾಲಿ ಮಾಡುತ್ತೇನೆ. ಮೇಲಿನ ಅರೆಯಿಂದ ಶುರು, ಕೆಳಗಿನದಕ್ಕೆ ಮುಕ್ತಾಯ. ಬಟ್ಟೆ ಕೊಡವಿ, ಅರೆ ಒರೆಸಿ, ಹೊಸ ನುಸಿಗುಳಿಗೆ ಇಟ್ಟು, ತೆಗೆದ ಕ್ರಮದಲ್ಲೇ ಮತ್ತೆ ಜೋಡಿಸುತ್ತೇನೆ. ಏಳಕ್ಕೆ ಸ್ನಾನ, ಏಳೂವರೆಗೆ ತಿಂಡಿ. ನಿವೃತ್ತಿಯಾದ ಮೇಲೂ ಇದರಲ್ಲಿ ವ್ಯತ್ಯಾಸವಾಗಿಲ್ಲ.

ಈ ಸಲ ಕೆಳಗಿನ ಅರೆಯಲ್ಲಿ, ಹಳೆಯ ಸ್ವೆಟರಿನ ಮಡಿಕೆಯೊಳಗಿಂದ, ಒಂದು ಹಳದಿ ಟವೆಲ್ಲು ಜಾರಿ ನೆಲಕ್ಕೆ ಬಿತ್ತು. ಇಷ್ಟು ವರ್ಷ ಆ ಸ್ವೆಟರನ್ನು ನಾನು ಮಡಿಕೆ ಬಿಚ್ಚದೆಯೇ ಕೊಡವಿ ಇಡುತ್ತಿದ್ದೆನೆಂದು ಆಗ ಗೊತ್ತಾಯಿತು. ಟವೆಲ್ಲನ್ನು ಎತ್ತಿ ಮೂಗಿನ ಹತ್ತಿರ ತಂದೆ. ನುಸಿಗುಳಿಗೆಯ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯದು. ಮೂಲೆಯಲ್ಲಿ ಕೆಂಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿದ 7. ಅದರ ಒಂದು ಅಂಚು ಬಿಟ್ಟುಕೊಂಡಿತ್ತು...

ನಾನು ಮಾಲೂರಿನ ಒಂದು ಕಾಲೇಜಿನಲ್ಲಿ ಪೀಟಿ ಮೇಷ್ಟ್ರಾಗಿದ್ದೆ. ಬೆಳಗ್ಗೆ ಐದೂ ಮುಕ್ಕಾಲಿಗೆ ಮೈದಾನದಲ್ಲಿ ನನ್ನ ಸೀಟಿ ಊದಿದರೆ ಸ್ಟೇಷನ್ ರಸ್ತೆಯ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದು ಹೇಳುತ್ತಾರೆ, ಇದ್ದರೂ ಇರಬಹುದು. ಆ ರಸ್ತೆಯಲ್ಲೇ, ಬೆಂಗಳೂರಿಗೆ ರೈಲು ಹಿಡಿಯಲು ಓಡುವವರೆಲ್ಲ ಹಾದುಹೋಗುವ ಕಡೆ, ಟೈಲರ್ ತಾತನ ಅಂಗಡಿ. ನನಗಿಂತ ಹತ್ತು ವರ್ಷವಾದರೂ ಹಿರಿಯರು. ಕಾಲೇಜಿನ ಮಕ್ಕಳು ತಾತ ಎನ್ನುತ್ತಿದ್ದುದರಿಂದ ನನ್ನ ಬಾಯಲ್ಲೂ ಹಾಗೇ ನಿಂತಿತು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ಚೂರು, ಶರ್ಟಿನ ಕಾಲರಿನ ಹಿಂಭಾಗದಲ್ಲಿ ಯಾವಾಗಲೂ ದಾರ ಪೋಣಿಸಿಟ್ಟ ಒಂದು ಸೂಜಿ. ಹುಟ್ಟೂರು ಮುಳಬಾಗಿಲಿನ ಕಡೆ. ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತಿತ್ತು. ಏನು ಹೇಳಿದರೂ ಕೊನೆಗೆ "ಅಂತೇ ಕದಾ", ಅಂದರೆ ಅಷ್ಟೇ ತಾನೇ, ಎಂದು ಸೇರಿಸಿ, ನಾವು ಹೌದೆನ್ನುವವರೆಗೂ ಮುಖ ನೋಡುತ್ತಿದ್ದರು.

ನಮ್ಮ ಹುಡುಗಿಯರ ಕಬಡ್ಡಿ ತಂಡದ ಹನ್ನೆರಡು ಜರ್ಸಿ ಹೊಲಿದವರು ಅವರೇ. ಒಂದನೇ ನಂಬರು ಎಲ್ಲಕ್ಕಿಂತ ಚಿಕ್ಕ ಅಳತೆ, ಹನ್ನೆರಡು ಎಲ್ಲಕ್ಕಿಂತ ದೊಡ್ಡದು. ಜರ್ಸಿ ಕಾಲೇಜಿನ ಆಸ್ತಿ, ಹುಡುಗಿಯರು ಬಂದು ಹೋಗುವವರು. ಆದ್ದರಿಂದ ಪ್ರತಿ ಪಂದ್ಯಾವಳಿಗೆ ಹೊರಡುವ ಬೆಳಗ್ಗೆ ಅವರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಗಿಡ್ಡವಳಿಂದ ಶುರುಮಾಡಿ ಒಂದು, ಎರಡು, ಮೂರು ಎಂದು ಕೊಡುತ್ತಾ ಹೋಗುವುದು ನನ್ನ ಪದ್ಧತಿ. ಆಟ ಮುಗಿದ ವಾರದೊಳಗೆ ಒಗೆದು ವಾಪಸ್ ಕೊಡಬೇಕು. ಸಾಲಿನಲ್ಲಿ ಮಾತಿಲ್ಲ. ಆಯ್ಕೆ, ಹಟ, ಜಗಳ ಯಾವುದಕ್ಕೂ ಎಡೆಯಿಲ್ಲದ ಪದ್ಧತಿ ಅದು. ನನಗೆ ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಆ ವರ್ಷ ಏಳನೇ ಜಾಗದಲ್ಲಿ ನಿಲ್ಲುತ್ತಿದ್ದವಳು ಮಾಸ್ತಿಯಿಂದ ಆಚೆಯ ಒಂದು ಹಳ್ಳಿಯ ಹುಡುಗಿ. ಎರಡನೇ ವರ್ಷದ ಡಿಗ್ರಿ. ಅಪ್ಪನಿಗೆ ಇಟ್ಟಿಗೆ ಗೂಡಿನಲ್ಲಿ ಕೆಲಸ, ಅಮ್ಮನಿಗೆ ಎರಡು ಹಸು. ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ರೈಡಿಗೆ ಹೋದಳೆಂದರೆ ಎದುರಿನ ಏಳು ಜನರೂ ಅವಳ ಕೈ ನೋಡುತ್ತಿದ್ದರು. ಅವಳು ಕಾಲಿನಲ್ಲಿ ಮುಟ್ಟಿ ಬಂದಿರುತ್ತಿದ್ದಳು. ಆಟ ನೋಡಿದವರು ಹೆಸರು ಕೇಳುತ್ತಿರಲಿಲ್ಲ, "ಆ ಸೆವೆನ್ ಹುಡುಗಿ ಬಂದವ್ಳಾ?" ಎನ್ನುತ್ತಿದ್ದರು. ಹಾಲಿನ ವ್ಯಾನಿನವನು, ಗೂಡಿನ ಕೆಲಸದವರು, ರೈಲಿಗೆ ಓಡಾಡುವ ನೌಕರರು, ಎಲ್ಲರಿಗೂ ಅವಳು ಸೆವೆನ್.

ಒಂದು ದಿನ ಅವಳು ಹರಿದ ಜರ್ಸಿ ಹಿಡಿದು ತಾತನ ಅಂಗಡಿಗೆ ಹೋಗಿದ್ದಾಳೆ. ಹೊಲಿಸದೆ ವಾಪಸ್ ಕೊಟ್ಟರೆ ನಾನು ಬೈಯುತ್ತೇನೆಂದು. ಹೊಲಿಯುತ್ತಾ ಅವರು, ಮುಂದಿನ ಆಟ ಯಾವ ಊರಲ್ಲಿ ಎಂದು ಕೇಳಿದರಂತೆ. ಇನ್ನು ಆಟವಿಲ್ಲ, ಕಾಲೇಜೂ ಇಲ್ಲ, ಅಪ್ಪನಿಗೆ ಬೆನ್ನು ಹಿಡಿದಿದೆ, ನರಸಾಪುರದ ಕಂಪನಿಗೆ ಫಾರಂ ತುಂಬಿದ್ದೇನೆ, ಶಿಫ್ಟಿನ ಕೆಲಸ ಎಂದಳಂತೆ.

ಇದು ನನಗೆ ಮೊದಲೇ ಗೊತ್ತಿತ್ತು. ಸಹೋದ್ಯೋಗಿಗಳೆಲ್ಲ ಸೇರಿ ಒಂದಿಷ್ಟು ಒಟ್ಟು ಮಾಡಿ ಕೊಡಲು ಹೋಗಿದ್ದೆವು. ಅವಳು ಕವರು ಮುಟ್ಟಲಿಲ್ಲ. "ಬ್ಯಾಡ ಸಾರ್. ನೀವು ಕೊಟ್ಟ ದುಡ್ಡಲ್ಲಿ ಆಡಿದ್ರೆ ಸೋತಾಗ ನಿಮ್ಮ ಮುಖ ನೋಡೋಕಾಗಲ್ಲ" ಎಂದಿದ್ದಳು. ಅಲ್ಲಿಗೆ ನನ್ನ ಉಪಾಯ ಮುಗಿದಿತ್ತು.

ಅವಳು ತಾತನ ಅಂಗಡಿಗೆ ಹೋದ ದಿನವೇ ಸಂಜೆ ನಾಲ್ಕೂವರೆಗೆ, ನಾನು ಸಾಮಾನು ಕೋಣೆಗೆ ಬೀಗ ಹಾಕುವ ಹೊತ್ತಿಗೆ ಸರಿಯಾಗಿ, ತಾತ ಬಂದರು. ಕೈಯಲ್ಲಿ ಒಂದು ಹಳದಿ ಟವೆಲ್ಲು.

"ಮೇಷ್ಟ್ರೇ, ಟೀವೀಲಿ ಕ್ರಿಕೆಟ್ ಆಡೋನು ಸೋಪು ಹಿಡ್ಕೊಂಡು ನಕ್ಕರೆ ದುಡ್ಡು ಕೊಡ್ತಾರೆ. ನಮ್ಮ ಹುಡುಗಿ ನಂಬರನ್ನ ನಾನು ಟವೆಲ್ ಮೇಲೆ ಹಾಕಿ ಮಾರಿದ್ರೆ ನಾನು ಕೊಡಬಾರದಾ? ಧರ್ಮಕ್ಕಲ್ಲ. ಬಾಡಿಗೆ. ನಂಬರಿಗೆ ಬಾಡಿಗೆ. ಅಂತೇ ಕದಾ?"

ನಾನು ಒಪ್ಪಲಿಲ್ಲ. ಆಟ ಬೇರೆ, ಅಂಗಡಿ ಬೇರೆ ಎಂದೆ. ಮಾರಲೇಬೇಕೆಂದರೆ ಟೀ ಶರ್ಟು ಮಾರುವುದಲ್ಲವೇ, ಟವೆಲ್ಲು ಯಾರು ಕೊಳ್ಳುತ್ತಾರೆ ಎಂದೂ ಸೇರಿಸಿದೆ. ಅದೇ ತಪ್ಪಾಯಿತು. ಬೇಡವೆಂದವನು ವಿವರ ಕೇಳಬಾರದು.

"ಟೀ ಶರ್ಟು ಕಾಲೇಜು ಹುಡುಗರು ಒಂದಿನ ಹಾಕ್ಕೊತಾರೆ, ಆಮೇಲೆ ಬೈಕು ಒರೆಸ್ತಾರೆ. ಟವೆಲ್ ಆದ್ರೆ ಹೆಗಲಿಗೆ, ತಲೆಗೆ, ಟೊಮೇಟೊ ಕ್ರೇಟು ಹೊರೋವಾಗ ಸಿಂಬಿಗೆ. ಆಟ ನೋಡೋವಾಗ ಗಿರಗಿರ ಬೀಸೋಕೆ. ಟೀ ಶರ್ಟು ಬಿಚ್ಚಿ ಬೀಸ್ತಾರಾ ಮೇಷ್ಟ್ರೇ?"

ನಗು ಬಂತು. ಪ್ರಾಂಶುಪಾಲರನ್ನು ಕೇಳಿದೆ. ಬರಹದಲ್ಲಿರಲಿ, ಮನೆಯವರ ಒಪ್ಪಿಗೆ ಇರಲಿ ಎಂದರು. ಬಿಳಿ ಹಾಳೆಯಲ್ಲಿ ನಾನೇ ನಾಲ್ಕು ಸಾಲು ಬರೆದೆ: ಕ್ಲಾಸಿನ ಹೊತ್ತಿನಲ್ಲಿ ಮಾರಾಟವಿಲ್ಲ, ಹುಡುಗಿ ಅಂಗಡಿಯಲ್ಲಿ ನಿಲ್ಲುವುದಿಲ್ಲ, ಪ್ರತಿ ಟವೆಲ್ಲಿನಲ್ಲಿ ಅವಳ ಪಾಲು ನೇರ ಅವಳ ಖಾತೆಗೆ, ಅಭ್ಯಾಸ ತಪ್ಪಿಸುವಂತಿಲ್ಲ. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ತಾತ, ನಂಬರ್ ಕಾಲೇಜಿಂದಲ್ವಾ? ನಂಗ್ಯಾಕೆ ಬಾಡಿಗೆ?"

"ನಂಬರು ಕಾಲೇಜಿಂದೇ ಕಣಮ್ಮ. ಓಡೋ ಕಾಲು ಯಾರ್ದು?"

ಅವಳು ಸಹಿ ಹಾಕಿದಳು. ಮುಂದಿನ ಪಂದ್ಯಾವಳಿ ಮೂರು ವಾರಕ್ಕೆ, ಮುಳಬಾಗಿಲಿನಲ್ಲಿ. ಅವಳಮ್ಮ ಮಾತ್ರ ಹಾಲಿನ ಕ್ಯಾನು ಕೆಳಗಿಡದೆಯೇ ಕೇಳಿಸಿಕೊಂಡರು. "ಟವೆಲ್ ಮಾರಿ ನನ್ನ ಮಗಳನ್ನ ಓದಿಸ್ತೀರಾ? ಆಯ್ತು, ಮುಳಬಾಗಿಲು ಆಟ ಮುಗಿಯೋಗಂಟ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸೋಮವಾರ ಕಂಪನಿ ಬಸ್ಸು" ಎಂದರು. ನ್ಯಾಯವಾದ ಮಾತು. ನಾನೂ ಹಾಗೇ ಹೇಳುತ್ತಿದ್ದೆ.

ಆ ಮೂರು ವಾರ ತಾತನ ಅಂಗಡಿಯಲ್ಲಿ ಯಾರ ಪ್ಯಾಂಟೂ ಸಮಯಕ್ಕೆ ಸಿಗಲಿಲ್ಲ. ಜರ್ಸಿಯಿಂದ ಉಳಿದ ಕೆಂಪು ಬಟ್ಟೆಯಲ್ಲಿ 7 ಕತ್ತರಿಸಿ ಕತ್ತರಿಸಿ ಗುಡ್ಡೆ ಹಾಕಿದ್ದರು. "ದೇವರು ಒಳ್ಳೇ ನಂಬರು ಕೊಟ್ಟವ್ನೆ ಮೇಷ್ಟ್ರೇ. ಸೆವೆನ್ ಅಂದ್ರೆ ಎರಡು ಗೆರೆ, ಕತ್ತರಿ ಸರ್ರಂತ ಹೋಗ್ತದೆ. ಎಂಟಾಗಿದ್ರೆ ಎರಡು ತೂತು ಕೊರೀಬೇಕಿತ್ತು, ನನ್ನ ಕಣ್ಣು ಹೋಗ್ತಿತ್ತು" ಎಂದು ಹಿಗ್ಗುತ್ತಿದ್ದರು. ಅಂಗಡಿ ಮುಂದಿನ ಹಗ್ಗದ ಮೇಲೆ ಸಾಲಾಗಿ ಹಳದಿ ಟವೆಲ್ಲು. ರೈಲಿಗೆ ಓಡುವವರು ನಿಂತು ನೋಡುತ್ತಿದ್ದರು, ಆದರೆ ಕೊಂಡವರು ಕಡಿಮೆ. ಎಲ್ಲ ಮುಳಬಾಗಿಲಿನ ಮೇಲೆ ನಿಂತಿತು. ಆಟದ ಹಿಂದಿನ ದಿನವೇ ತಾತ ಎರಡು ದೊಡ್ಡ ಗಂಟು ಕಟ್ಟಿಕೊಂಡು, ದುಡ್ಡು ಬಂದ ಕೂಡಲೇ ಗಟ್ಟಿಯಾಗಿ ಕೂಗಿ ಹೇಳುವ ಫೋನ್ ಪೇಮೆಂಟಿನ ಡಬ್ಬಿಯನ್ನೂ ಬಗಲಲ್ಲಿಟ್ಟುಕೊಂಡು, ಅಲ್ಲಿನ ತಂಗಿಯ ಮನೆಗೆ ಹೊರಟುಹೋದರು.

ಮಾರನೆಯ ಬೆಳಗ್ಗೆ ನಾನು ಎಂದಿನಂತೆ ಹುಡುಗಿಯರನ್ನು ಸಾಲು ನಿಲ್ಲಿಸಿದೆ. ಹಿಂದಿನ ವಾರ ನಮ್ಮ ತಂಡದ ಎಲ್ಲರಿಗಿಂತ ಎತ್ತರದವಳು ಕಾಲು ಉಳುಕಿಸಿಕೊಂಡಿದ್ದಳು. ಅವಳ ಬದಲು ಮೊದಲ ವರ್ಷದ ಹುಡುಗಿಯೊಬ್ಬಳನ್ನು ತೆಗೆದುಕೊಂಡಿದ್ದೆ. ಚುರುಕು ಹುಡುಗಿ, ಆದರೆ ಗಿಡ್ಡ. ಅವಳು ಸಾಲಿನ ತುದಿಯಲ್ಲಿ ಮೊದಲು ನಿಂತಳು. ಒಂದು, ಎರಡು, ಮೂರು ಎಂದು ಜರ್ಸಿ ಕೊಡುತ್ತಾ ಹೋದೆ. ಉಳಿದವರೆಲ್ಲ ಒಂದೊಂದು ಜಾಗ ಮುಂದೆ ಸರಿದಿದ್ದರು. ಮಾಸ್ತಿ ಕಡೆಯ ಹುಡುಗಿಯ ಕೈಗೆ ನಾನು ಇಟ್ಟದ್ದು ಎಂಟು.

ನನಗೆ ಏನೂ ಅನ್ನಿಸಲಿಲ್ಲ. ಮೂರು ವಾರದಿಂದ ಏಳು ಏಳು ಎಂದು ಕೇಳುತ್ತಿದ್ದವನಿಗೆ, ನಾಲ್ಕು ಸಾಲಿನ ಕರಾರು ಸ್ವತಃ ಬರೆದವನಿಗೆ, ಏನೂ ಅನ್ನಿಸಲಿಲ್ಲ. ಕೈ ಮೂವತ್ತು ವರ್ಷದಿಂದ ಮಾಡುತ್ತಿದ್ದುದನ್ನು ಮಾಡಿತು, ಬಾಯಿ ಎಣಿಸಿತು. ಹುಡುಗಿ ಜರ್ಸಿಯನ್ನೂ ನನ್ನ ಮುಖವನ್ನೂ ನೋಡಿದಳು. ಜರ್ಸಿ ತೊಟ್ಟು ಮೇಲಂಗಿ ಹಾಕಿಕೊಂಡಳು. ಆಮೇಲೆ ಯಾಕೆ ಹೇಳಲಿಲ್ಲವೆಂದು ಕೇಳಿದಾಗ, "ನಿಮ್ಮ ಸಾಲಲ್ಲಿ ಮಾತಾಡೋ ಹಂಗಿಲ್ವಲ್ಲ ಸಾರ್" ಎಂದಳು. ಆ ಉತ್ತರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ...

ಮುಳಬಾಗಿಲಿನ ಮೈದಾನಕ್ಕೆ ನಾವು ಇಳಿದಾಗ ಒಂದು ಬದಿಯೆಲ್ಲ ಹಳದಿ. ತಾತ ಬೆಳಗ್ಗೆಯಿಂದ ಗಂಟಲು ಹರಿದುಕೊಂಡಿದ್ದರು. ಶ್ರೀನಿವಾಸಪುರದ ಕಡೆಯಿಂದ ಮಾವಿನ ತೋಟದವರು ಬಂದಿದ್ದರು, ಮಾಲೂರಿನಿಂದ ಹಾಲಿನ ವ್ಯಾನಿನವನು ಒಂದು ವ್ಯಾನು ಜನರನ್ನೇ ತುಂಬಿಕೊಂಡು ಬಂದಿದ್ದ. ಡಬ್ಬಿ ಕೂಗುವುದನ್ನು ನಿಲ್ಲಿಸುತ್ತಿರಲಿಲ್ಲ. ಆಗ ನಮ್ಮ ಹುಡುಗಿಯರು ಮೇಲಂಗಿ ಕಳಚಿದರು. ಜನ ಏಳನೇ ನಂಬರು ಹುಡುಕಿದರು. ಅದು ಆರನೇ ಜಾಗದಲ್ಲಿದ್ದ, ಕಾಲು ಹಿಡಿದು ಕೆಡವುವುದರಲ್ಲಿ ಗಟ್ಟಿಗಿತ್ತಿಯಾದ, ಆದರೆ ಜನ್ಮದಲ್ಲೇ ರೈಡಿಗೆ ಹೋಗದ ಒಬ್ಬ ಹುಡುಗಿಯ ಬೆನ್ನಮೇಲಿತ್ತು. "ಸೆವೆನ್! ಸೆವೆನ್!" ಎಂದು ಇಡೀ ಬದಿ ಎದ್ದು ಟವೆಲ್ಲು ಬೀಸಿತು. ಆ ಹುಡುಗಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಎಂದು.

ಅವಳೇ ನನ್ನ ಹತ್ತಿರ ಓಡಿಬಂದಳು. "ಸಾರ್, ನನ್ನ ನೋಡಿ ಕೂಗ್ತಾವ್ರೆ. ನಾನು ಅವಳಲ್ಲ ಸಾರ್. ನಂಗೆ ನಾಚ್ಕೆ ಆಗ್ತೈತೆ."

ಆಗ ನನಗೆ ತಿಳಿಯಿತು. ಗಡಿಯಾರ ನೋಡಿದೆ. ಪಂದ್ಯಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಆ ಬದಿಯಲ್ಲಿ ಗಲಾಟೆ ಶುರುವಾಗಿತ್ತು. "ಏನ್ ತಾತ, ಯಾರ್ದೋ ಟವೆಲ್ ಕೊಟ್ಟು ಯಾಮಾರಿಸ್ತೀಯಾ? ನಮ್ಮ ಹುಡುಗಿ ಎಂಟಲ್ವಾ! ವಾಪಸ್ ತಗೋ" ಎಂದು ಒಬ್ಬ, ಅವನ ಹಿಂದೆ ನಾಲ್ವರು. ತಾತ ಜಗಳವಾಡಲಿಲ್ಲ. ಕೊಟ್ಟ ಟವೆಲ್ಲನ್ನು ತೆಗೆದುಕೊಂಡು ನಿಧಾನವಾಗಿ ಮಡಿಸುತ್ತಿದ್ದರು. ಎಂಟನೇ ನಂಬರಿನ ಹುಡುಗಿ ಅಂಕಣದ ಅಂಚಿನಲ್ಲಿ ನಿಂತು ಅವರು ಮಡಿಸುವುದನ್ನೇ ನೋಡುತ್ತಿದ್ದಳು. ಒಂದೊಂದು ಮಡಿಕೆಗೂ ಸೋಮವಾರದ ಕಂಪನಿ ಬಸ್ಸು ಅವಳಿಗೆ ಹತ್ತಿರವಾಗುತ್ತಿತ್ತು.

ನಾನು ಹತ್ತಿರ ಹೋದೆ. ಬೈಯಲಿ ಎಂದುಕೊಂಡೇ ಹೋದೆ. ಅವರು ತಲೆ ಎತ್ತಿ, "ಎಂಟು ಕತ್ತರಿಸೋಕೆ ಟೈಮಿಲ್ಲ ಮೇಷ್ಟ್ರೇ. ಎರಡು ತೂತು" ಎಂದಷ್ಟೇ ಅಂದರು. ನಗಿಸಲು ಹೇಳಿದ್ದು. ಬಾಯಿ ನಕ್ಕಿತು, ಕಣ್ಣು ನಗಲಿಲ್ಲ.

ನಾನು ಅಂಕ ಬರೆಯುವವರ ಮೇಜಿಗೆ ಓಡಿದೆ. ಮಕ್ಕಳನ್ನು ಓಡಿಸಿಯೇ ಬದುಕಿದವನು, ನಾನು ಓಡಿದ್ದು ಜನ ಅಂದೇ ಮೊದಲು ನೋಡಿರಬೇಕು. ನಾನೇ ಬರೆದುಕೊಟ್ಟ ಪಟ್ಟಿಯಲ್ಲಿ ಎರಡು ನಂಬರು ಹೊಡೆದು ಅದಲುಬದಲು ಮಾಡಿ ಸಹಿ ಹಾಕಿದೆ. ಮೇಜಿನಲ್ಲಿದ್ದವರು ನನ್ನ ಹಳೆಯ ಪರಿಚಯದವರು. "ಏನ್ ಮೇಷ್ಟ್ರೇ, ನಿಮ್ಮ ಪಟ್ಟೀಲೂ ಗೀಟು ಬೀಳುತ್ತಾ? ಮಳೆ ಬಂದೀತು" ಎಂದು ಗಟ್ಟಿಯಾಗಿ ನಕ್ಕರು. ನಗಲಿ.

ಹುಡುಗಿಯರಿಬ್ಬರೂ ಬಟ್ಟೆ ಬದಲಿಸುವ ಕೋಣೆಗೆ ಓಡಿ ಜರ್ಸಿ ಬದಲಾಯಿಸಿಕೊಂಡು ಬಂದರು. ಏಳು ಅದರ ಒಡತಿಗೆ ಸರಿಯಾಗಿ ಕೂತಿತು. ಎಂಟು ಮಾತ್ರ ಇನ್ನೊಬ್ಬಳಿಗೆ ಜೋತುಬಿತ್ತು. ಕಬಡ್ಡಿಯಲ್ಲಿ ಸಡಿಲ ಜರ್ಸಿ ಹಾಕಿಕೊಂಡರೆ ಎದುರಾಳಿಗೆ ಹಿಡಿ ಕೊಟ್ಟಂತೆ. ತಾತ ಗಂಟು ಬಿಟ್ಟು ಎದ್ದು ಬಂದರು. ಕಾಲರಿನ ಹಿಂದಿನಿಂದ ಸೂಜಿ ಎಳೆದರು. "ಉಸಿರು ಬಿಡಬೇಡ ಕಣಮ್ಮ, ಚುಚ್ಕೊಂಡೀತು" ಎನ್ನುತ್ತಾ ಅವಳ ಮೈಮೇಲೆಯೇ ಎರಡೂ ಪಕ್ಕಕ್ಕೆ ಉದ್ದುದ್ದ ಹೊಲಿಗೆ ಹಾಕಿ ಬಿಗಿ ಮಾಡಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡುಮಾಡಿದರು. ರೆಫರಿಯ ಸೀಟಿ ಆಗಲೇ ಕೂಗಿತು.

ಆಮೇಲೆ ಆದದ್ದು ನನಗೆ ಕ್ರಮವಾಗಿ ನೆನಪಿಲ್ಲ. ಇದನ್ನು ನಾನು ಸಾಮಾನ್ಯವಾಗಿ ಒಪ್ಪಿಕೊಳ್ಳುವವನಲ್ಲ. ಮೊದಲ ರೈಡಿಗೆ ಏಳನೇ ನಂಬರು ಗೆರೆ ದಾಟಿತು, ಇಬ್ಬರನ್ನು ಮುಟ್ಟಿ ಬಂತು, ಆಕಾಶ ಹಳದಿಯಾಯಿತು. ಅಷ್ಟು ನೆನಪಿದೆ. ವಾಪಸ್ ಕೊಟ್ಟವನೇ ಮೊದಲು ಬಂದು "ತಾತ, ನನ್ನ ಟವೆಲ್ ಕೊಡು" ಎಂದ. "ಯಾವುದು ನಿಂದು, ಹೆಸರು ಬರೆದಿದ್ಯಾ? ಹೊಸದು ತಗೋ" ಎಂದು ತಾತ ಅವನಿಗೇ ಇನ್ನೊಂದನ್ನೂ ಮಾರಿದರು. ಡಬ್ಬಿ ಮತ್ತೆ ಕೂಗಲು ಶುರುಮಾಡಿತು. ಒಂದು ರೈಡಿನ ನಡುವೆ ಅದು ಎಷ್ಟು ಜೋರಾಗಿ ಕೂಗಿತೆಂದರೆ ಎದುರಿನ ಹುಡುಗಿಯೊಬ್ಬಳು ಅತ್ತ ತಿರುಗಿದಳು, ನಮ್ಮವಳು ಅಷ್ಟರಲ್ಲಿ ಬೋನಸ್ ಗೆರೆ ದಾಟಿದ್ದಳು. ರೆಫರಿ ಡಬ್ಬಿಯನ್ನು ಆರಿಸಲು ಹೇಳಿದರು. ತಾತ ಅದನ್ನು ಮಡಿಲಲ್ಲಿಟ್ಟು ಟವೆಲ್ಲಿನಲ್ಲಿ ಸುತ್ತಿ ಕೂತರು. ಒಳಗಿನಿಂದ ಗೊಣಗುತ್ತಲೇ ಇತ್ತು.

ಸೆಮಿಫೈನಲ್ ಗೆದ್ದೆವು. ಫೈನಲ್ ಎರಡು ಅಂಕದಲ್ಲಿ ಸೋತೆವು. ಸೋತ ಕೂಡಲೇ ನಾನು ತಾತನ ಕಡೆ ನೋಡಿದೆ. ಇನ್ನು ಯಾರು ಕೊಳ್ಳುತ್ತಾರೆ ಎಂದು. ಅವರ ಸುತ್ತ ಮೊದಲಿಗಿಂತ ಹೆಚ್ಚು ಜನ. ಗೆದ್ದ ತಂಡದ ಊರಿನ ಹೆಂಗಸೊಬ್ಬರು ಸೊಂಟದ ಮೇಲೆ ಕೂಸಿಟ್ಟುಕೊಂಡು, "ಸೋತಳಲ್ಲ ಆ ಮಗಾ, ಅವಳ್ದೊಂದು ಕೊಡಿ" ಎಂದು ಕೇಳುತ್ತಿದ್ದರು. ಕೊನೆಗೆ ಉಳಿದದ್ದು ಒಂದೇ, ಆತುರದಲ್ಲಿ ಒಂದು ಅಂಚು ಹೊಲಿಯದೆ ಬಿಟ್ಟದ್ದು. ಅದನ್ನು ನಾನು ಕೇಳಿದೆ.

"ಮೇಷ್ಟ್ರಿಗೆ ಅಂತ ಫ್ರೀ ಇಲ್ಲ" ಎಂದರು. "ಹುಡುಗಿ ಪಾಲು ಹೋಗ್ತದೆ. ಅಂತೇ ಕದಾ?"

ಹೌದೆಂದೆ, ಫೋನು ತೆಗೆದು ದುಡ್ಡು ಹಾಕಿದೆ. ಮಡಿಲಿನ ಡಬ್ಬಿ ಗೊಣಗಿತು. "ಅಂಚು ಬಿಟ್ಟದೆ, ಅಂಗಡಿಗೆ ತನ್ನಿ, ಹೊಲ್ಕೊಡ್ತೀನಿ" ಎಂದರು.

ಆ ದಿನದ ಬಾಡಿಗೆ ಅಪ್ಪನ ಬೆನ್ನಿಗೂ ಅವಳ ಆ ವರ್ಷದ ಫೀಸಿಗೂ ಆಯಿತು. ಮುಂದಿನದಕ್ಕೆ ಮತ್ತೆ ಟವೆಲ್ಲು, ಆಮೇಲೆ ಟೋಪಿ. ಸೋಮವಾರ ಐದೂ ಮುಕ್ಕಾಲಿಗೆ ನಾನು ಸೀಟಿ ಊದಿದಾಗ ಅವಳು ಸಾಲಿನಲ್ಲಿದ್ದಳು. ಎತ್ತರದ ಲೆಕ್ಕದಲ್ಲಿ ಎಂಟನೇ ಜಾಗ. ಅಂದು ನಾನು ಹೊಸ ನಿಯಮ ಓದಿದೆ: ಒಮ್ಮೆ ಪಡೆದ ನಂಬರು ಕಾಲೇಜು ಬಿಡುವವರೆಗೆ ಅವರದೇ; ಅಳತೆ ಹೊಂದದಿದ್ದರೆ ಟೈಲರ್ ತಾತನ ಬಳಿ ಹೋಗುವುದು. ಎರಡನೆಯದು: ತಪ್ಪು ಕಂಡರೆ ಸಾಲಿನಲ್ಲೂ ಮಾತಾಡುವುದು. ಅಂದಿನಿಂದ ನನ್ನ ಸಾಲು ಸಂತೆಯಾಯಿತು. ನನಗೆ ಬೇಸರವಾಗಲಿಲ್ಲ.

ಅವಳು ಡಿಗ್ರಿ ಮುಗಿಸಿದಳು, ಮುಂದೂ ಓದಿದಳು. ಈಗ ಶ್ರೀನಿವಾಸಪುರದ ಕಡೆ ಒಂದು ಶಾಲೆಯಲ್ಲಿ ಪೀಟಿ ಟೀಚರು. ಫೋನು ಮಾಡಿದಾಗಲೆಲ್ಲ ಹಿಂದಿನಿಂದ ಮಕ್ಕಳ ಗದ್ದಲ ಕೇಳುತ್ತದೆ.

ತಾತ ಹೋದದ್ದು ಅವಳು ಡಿಗ್ರಿ ಮುಗಿಸಿದ ಮರುವರ್ಷ. ಕಾಯಿಲೆ ಅಂತ ಮಲಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಅಂಗಡಿಯಲ್ಲೇ ಒರಗಿದವರು ಏಳಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಅವರನ್ನು ಹೊತ್ತುಕೊಂಡು ಹೋಗುವಾಗ ನಾನು ಹಿಂದೆ ನಡೆಯುತ್ತಿದ್ದೆ. ಹೆಗಲು ಕೊಟ್ಟವರಲ್ಲಿ ಹಾಲಿನ ವ್ಯಾನಿನವನಿದ್ದ, ಗೂಡಿನ ಕೆಲಸದವರಿದ್ದರು, ಅಂದಿನ ರೈಲು ತಪ್ಪಿಸಿಕೊಂಡು ಬಂದ ನೌಕರರಿದ್ದರು. ಯಾರೂ ಮಾತಾಡಿಕೊಂಡು ಬಂದಿರಲಿಲ್ಲ. ಆದರೂ ಮುಂದೆ ನೋಡಿದರೆ ಹೆಗಲ ಮೇಲೆ, ತಲೆಯ ಮೇಲೆ, ಒಗೆದು ಒಗೆದು ಬಣ್ಣ ಹೋದ ಹಳದಿ, ಅದರಲ್ಲಿ ಮಾಸಿದ ಕೆಂಪು ಏಳು. ಇನ್ನೊಂದು, ಮತ್ತೊಂದು... ಅಳಬೇಕಾದ ಹೊತ್ತಿನಲ್ಲಿ ನನಗೆ ಎಣಿಸುವ ಆಸೆಯಾಯಿತು.

ಮೊನ್ನೆ ಭಾನುವಾರ ಬೀರು ಜೋಡಿಸಿದ ಮೇಲೂ ಟವೆಲ್ಲು ನನ್ನ ಕೈಯಲ್ಲೇ ಇತ್ತು. ಅಂಚು ಬಿಟ್ಟಿದೆ, ಹೊಲಿಸಿಬಿಡೋಣ ಎಂದುಕೊಂಡೆ. ಚಪ್ಪಲಿ ಮೆಟ್ಟಿದೆ. ಗೇಟು ದಾಟಿ, ಬಲಕ್ಕೆ ತಿರುಗಿ, ಸ್ಟೇಷನ್ ರಸ್ತೆಯಲ್ಲಿ ನಡೆದು, ಮೂರನೇ ಬಾಗಿಲಿನ ಮುಂದೆ ನಿಂತು ಟವೆಲ್ಲನ್ನು ಬಿಡಿಸಿದೆ. ಒಳಗೆ ಮೊಬೈಲಿನ ಕವರುಗಳು ತೂಗುತ್ತಿದ್ದವು. ಆಗಷ್ಟೇ ಬಾಗಿಲು ತೆಗೆದಿದ್ದ ಯುವಕ ತಲೆ ಎತ್ತಿದ.

"ಏನ್ ಬೇಕಿತ್ತು ಸಾರ್?"

ಕಾಲು ತನ್ನಷ್ಟಕ್ಕೆ ಬಂದಿತ್ತು, ಅಂದು ಕೈ ತನ್ನಷ್ಟಕ್ಕೆ ಎಂಟನ್ನು ಕೊಟ್ಟಂತೆ. ಏನಿಲ್ಲಪ್ಪ ಎಂದು ಹೇಳಿ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡೆ. ಏಳು ಎದೆಯ ಮೇಲೆ ಬಂತು. ಒಂದು ಅಂಚು ಗಾಳಿಗೆ ಆಡುತ್ತಿತ್ತು. ರೈಲಿಗೆ ಹೊರಟಿದ್ದ ನಡುವಯಸ್ಸಿನವರೊಬ್ಬರು ಅದನ್ನು ನೋಡಿ, ನಡಿಗೆ ನಿಧಾನ ಮಾಡಿ, "ಓ, ಸೆವೆನ್!" ಎಂದು ನಕ್ಕು ಹೋದರು. ಅವರು ಯಾರೆಂದು ನನಗೆ ಗೊತ್ತಿಲ್ಲ.

ಆ ಭಾನುವಾರ ನನ್ನ ತಿಂಡಿ ನಲವತ್ತು ನಿಮಿಷ ತಡವಾಯಿತು.